ಒಂದೇ ರನ್‌ವೇ, ಐದು ತರಬೇತಿ ವಿಮಾನ: ಅವು ತಾಗದಂತೆ ನೋಡಿಕೊಳ್ಳುವವರು ಯಾರು?

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸುತ್ತಿದ್ದೇನೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ ಮಗಳು ಪೈಲಟ್ ಆಗಬೇಕೆಂದು ಹಟ ಹಿಡಿದಿದ್ದಾಳೆ. ಅವಳ ಜೊತೆ ಹೊರರಾಜ್ಯದ ಒಂದು ತರಬೇತಿ ಶಾಲೆಯನ್ನು ನೋಡಿ ಬಂದೆ. ಬೇಲಿಯ ಆಚೆ ನಿಂತು ಎಣಿಸಿದರೆ, ಒಂದೇ ರನ್‌ವೇಗೆ ಐದು ಸಣ್ಣ ವಿಮಾನಗಳು ಒಂದರ ಹಿಂದೊಂದು ಬಂದು ನೆಲ ಮುಟ್ಟಿ, ನಿಲ್ಲದೆ ಮತ್ತೆ ಏರುತ್ತಿದ್ದವು. ಒಳಗಿರುವವರೆಲ್ಲ ಕಲಿಯುವ ಮಕ್ಕಳು. ಇವು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವವರು ಯಾರು? ಟವರ್‌ನವರಿಗೆ ರಡಾರ್‌ನಲ್ಲಿ ಎಲ್ಲವೂ ಕಾಣುತ್ತದೆ ಎಂದು ಶಾಲೆಯವರು ಹೇಳಿದರು. ಅದು ನಿಜವೇ? ಸೇರಿಸುವ ಮೊದಲು ಏನು ವಿಚಾರಿಸಬೇಕು? ಅವಳ ವಿಮಾನವನ್ನು ಮೊಬೈಲ್‌ನಲ್ಲಿ ನೋಡುತ್ತಿರಲು ಆಗುತ್ತದೆಯೇ?

ಉತ್ತರ: ಶಾಲೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ದೊಡ್ಡ ನಿಲ್ದಾಣಗಳ ಟವರ್‌ನಲ್ಲಿ ರಡಾರ್ ಪರದೆ ಇರುತ್ತದೆ, ಸಣ್ಣ ನಿಲ್ದಾಣಗಳ ಟವರ್‌ಗಳಲ್ಲಿ ಹಲವೆಡೆ ಇರುವುದೇ ಇಲ್ಲ. ಇದ್ದರೂ, ರನ್‌ವೇ ಸುತ್ತ ಎರಡು ಮೂರು ಕಿಲೋಮೀಟರ್ ಒಳಗೆ ಕೆಳಮಟ್ಟದಲ್ಲಿ ತಿರುಗುವ ವಿಮಾನಗಳನ್ನು ಕಂಟ್ರೋಲರ್, ಅಂದರೆ ಟವರ್‌ನಲ್ಲಿ ಕೂತು ಸೂಚನೆ ಕೊಡುವವರು, ಮುಖ್ಯವಾಗಿ ನೋಡುವುದು ಕಿಟಕಿಯ ಗಾಜಿನಾಚೆ, ಬರಿಗಣ್ಣಿನಿಂದ, ಅನುಮಾನ ಬಂದಾಗ ದುರ್ಬೀನಿನಿಂದ. ಚಿಕ್ಕಬಳ್ಳಾಪುರದಲ್ಲಿ ನೆಲೆಸುವ ಮೊದಲು ನಾನು ನನ್ನ ದುಡಿಮೆಯ ವರ್ಷಗಳನ್ನು ಕಳೆದದ್ದು ಅಂಥ ಗಾಜಿನ ಹಿಂದೆಯೇ ಆದ್ದರಿಂದ, ಈ ಮಾತನ್ನು ಸಂಕೋಚವಿಲ್ಲದೆ ಹೇಳಬಲ್ಲೆ.

ಇನ್ನೂ ಮುಖ್ಯವಾದ ಸಂಗತಿಯನ್ನು ಬಹಳ ಮಂದಿ ಪೋಷಕರು ಕೇಳಿರುವುದಿಲ್ಲ. ಹೊರಗೆ ನೋಡಿಕೊಂಡು ಹಾರುವ ವಿಮಾನಗಳಿಗೆ, ಅಂದರೆ ತರಬೇತಿಯ ಬಹುಪಾಲು ಹಾರಾಟಗಳಿಗೆ ಅನ್ವಯಿಸುವ ನಿಯಮಾವಳಿಯಲ್ಲಿ ಕಂಟ್ರೋಲರ್ ಕೊಡುವುದು ಮೂರು: ರನ್‌ವೇ ಬಳಸಲು ಅನುಮತಿ, ಸಾಲಿನಲ್ಲಿ ಎಷ್ಟನೆಯವರು ಎಂಬ ಸರದಿ, ಹತ್ತಿರದಲ್ಲಿ ಯಾವ ವಿಮಾನ ಎಲ್ಲಿದೆ ಎಂಬ ಮಾಹಿತಿ. ಡಿ ವರ್ಗದ ವಾಯುಪ್ರದೇಶದಲ್ಲಿ (ಟವರ್ ಇರುವ ನಿಲ್ದಾಣಗಳ ಸುತ್ತಲಿನ ಆಕಾಶ ಸಾಮಾನ್ಯವಾಗಿ ಈ ವರ್ಗದ್ದು) ಇಂಥ ಎರಡು ವಿಮಾನಗಳ ನಡುವೆ ಆಕಾಶದಲ್ಲಿ ಅಂತರ ಕಾಯ್ದುಕೊಳ್ಳುವ ಹೊಣೆ ಕಂಟ್ರೋಲರನದಲ್ಲ. ಮಾಹಿತಿ ಕೇಳಿ, ಆ ವಿಮಾನವನ್ನು ಕಣ್ಣಿಂದ ಹುಡುಕಿ, ಅದರಿಂದ ದೂರ ಉಳಿಯುವುದು ಪೈಲಟ್ ಕೆಲಸ, ಆ ಪೈಲಟ್ ಮೊದಲ ಬಾರಿಗೆ ಒಬ್ಬಳೇ ಹಾರುತ್ತಿರುವ ಹತ್ತೊಂಬತ್ತರ ಹುಡುಗಿಯಾದರೂ ಅಷ್ಟೇ. ಹಾಗಾಗಿ ‘ನೋಡಿಕೊಳ್ಳುವವರು ಯಾರು’ ಎಂದು ನೀವು ಕೇಳಿದ್ದಕ್ಕೆ ನೇರ ಉತ್ತರ, ಎಲ್ಲರಿಗಿಂತ ಮೊದಲು ನಿಮ್ಮ ಮಗಳೇ ಎಂಬುದು. ಇದರಿಂದ ಗಾಬರಿಯಾಗಬೇಕಿಲ್ಲ, ಆದರೆ ಶಾಲೆಯನ್ನು ಅಳೆಯುವಾಗ ಇದನ್ನು ಮರೆಯಲೂ ಬಾರದು.

ನೀವು ಬೇಲಿಯಾಚೆಯಿಂದ ಕಂಡದ್ದರ ಹೆಸರು ಸರ್ಕ್ಯೂಟ್. ಕಣದಲ್ಲಿ ಎತ್ತು ಕಟ್ಟಿ ರಾಗಿ ತುಳಿಸುತ್ತಿದ್ದುದನ್ನು ನೀವು ಚಿಕ್ಕಂದಿನಲ್ಲಿ ನೋಡಿರಬಹುದು. ಎಲ್ಲ ಎತ್ತುಗಳೂ ಒಂದೇ ದಿಕ್ಕಿಗೆ, ಒಂದರ ಹಿಂದೆ ಒಂದು ತಿರುಗುವುದರಿಂದಲೇ ಅಲ್ಲಿ ಗೊಂದಲವಿರಲಿಲ್ಲ. ಸರ್ಕ್ಯೂಟ್ ಕೂಡ ಹಾಗೆಯೇ ಒಂದು ಆಯತಾಕಾರದ ಸುತ್ತು. ಗಾಳಿಗೆ ಎದುರಾಗಿ ಏರುವುದು, ಅಡ್ಡ ತಿರುಗುವುದು, ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಬರುವ ಡೌನ್‌ವಿಂಡ್, ಮತ್ತೆ ಅಡ್ಡ ತಿರುಗುವ ಬೇಸ್, ಕೊನೆಗೆ ರನ್‌ವೇಗೆ ನೇರವಾಗುವ ಫೈನಲ್. ಬೇರೆ ಸೂಚನೆ ಇಲ್ಲದಿದ್ದರೆ ತಿರುವುಗಳೆಲ್ಲ ಎಡಕ್ಕೆ, ಏಕೆಂದರೆ ಇಂಥ ವಿಮಾನಗಳಲ್ಲಿ ಹಾರಿಸುವವರು ಕೂರುವುದು ಎಡಗಡೆ, ಅವರಿಗೆ ರನ್‌ವೇ ಸದಾ ಕಾಣುತ್ತಿರಬೇಕು. ದೇವಸ್ಥಾನದ ಲೆಕ್ಕದಲ್ಲಿ ಹೇಳುವುದಾದರೆ ಇದು ಅಪ್ರದಕ್ಷಿಣೆ. ಎತ್ತರ ಸಾಮಾನ್ಯವಾಗಿ ನಿಲ್ದಾಣದ ನೆಲದಿಂದ 1,000 ಅಡಿ. ನಮ್ಮ ಸೀಮೆಯ ಅಳತೆಯಲ್ಲಿ ಅದು ಎಷ್ಟು ಕಡಿಮೆ ಎಂದು ನೋಡಿ: ದೇವನಹಳ್ಳಿ ನಿಲ್ದಾಣದ ನೆಲ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ನಂದಿಬೆಟ್ಟದ ನೆತ್ತಿ 4,851 ಅಡಿ. ಅಂಥ ನೆಲದ ಮೇಲೆ ಸರ್ಕ್ಯೂಟ್ ತಿರುಗುವ ವಿಮಾನ 4,000 ಅಡಿಯಲ್ಲಿರುತ್ತದೆ, ಎಂದರೆ ನಂದಿಯ ಮೇಲೆ ನಿಂತವರಿಗಿಂತ ಎಂಟುನೂರು ಅಡಿಗೂ ಹೆಚ್ಚು ಕೆಳಗೆ. ಅಲ್ಲಿ ಏನಾದರೂ ಎಡವಟ್ಟಾದರೆ ಸುಧಾರಿಸಿಕೊಳ್ಳಲು ಎತ್ತರವೂ ಇಲ್ಲ, ಸಮಯವೂ ಇಲ್ಲ.

ಒಂದು ಸುತ್ತಿಗೆ ಸುಮಾರು ಆರು ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಐದು ವಿಮಾನಗಳಿದ್ದರೆ ಗಂಟೆಗೆ ಐವತ್ತು ಸಲ ನೆಲ ಮುಟ್ಟಿ ಏರುವುದಾಯಿತು, ಎಂದರೆ ರನ್‌ವೇ ಪ್ರತಿ 72 ಸೆಕೆಂಡಿಗೆ ಒಮ್ಮೆ ಬೇರೊಬ್ಬರದಾಗುತ್ತದೆ. ಟವರ್‌ನಲ್ಲಿ ಈ ಸರದಿಯನ್ನು ಹಿಡಿದಿಡುವ ಸಾಧನ ಬಹಳ ಸರಳ. ಪ್ರತಿ ವಿಮಾನಕ್ಕೂ ಒಂದು ಉದ್ದನೆಯ ಕಾಗದದ ಪಟ್ಟಿ. ಅದನ್ನು ಪ್ಲಾಸ್ಟಿಕ್ ಹಿಡಿಕೆಯಲ್ಲಿ ಸಿಕ್ಕಿಸಿ, ಓರೆ ಹಲಗೆಯ ಮೇಲೆ ಒಂದರ ಮೇಲೊಂದು ಜೋಡಿಸಿಟ್ಟಿರುತ್ತೇವೆ. ಯಾರು ಮೊದಲೋ ಅವರ ಪಟ್ಟಿ ಕೆಳಗೆ. ಒಬ್ಬರಿಗೆ ಇಳಿಯಲು ಅನುಮತಿ ಕೊಟ್ಟಾಗ ಅವರ ಪಟ್ಟಿಯಲ್ಲಿ ಗುರುತು, ಅವರು ಮತ್ತೆ ಏರಿದಾಗ ಪಟ್ಟಿ ಮತ್ತೆ ಮೇಲಕ್ಕೆ. ಈಗ ಹಲವೆಡೆ ಇದೇ ಪಟ್ಟಿ ಕಂಪ್ಯೂಟರ್ ಪರದೆಗೆ ಬಂದಿದೆ. ನನಗೆ ಮಾತ್ರ, ಪಟ್ಟಿಯನ್ನು ಬೆರಳಿನಿಂದ ಸರಿಸುವಾಗ ಆ ವಿಮಾನ ತಲೆಯೊಳಗೂ ಸರಿಯುತ್ತಿತ್ತು ಎಂಬ ನಂಬಿಕೆ ಇನ್ನೂ ಉಳಿದಿದೆ.

ಆದರೆ ಪಟ್ಟಿ ಹೇಳುವುದು ವಿಮಾನ ಎಲ್ಲಿರಬೇಕು ಎಂಬುದನ್ನು. ಅದು ನಿಜವಾಗಿ ಎಲ್ಲಿದೆ ಎಂದು ಹೇಳುವುದು ಕಣ್ಣು ಮತ್ತು ರೇಡಿಯೊ. ಇವೆರಡರ ನಡುವೆ ಇಡೀ ವ್ಯವಸ್ಥೆ ಜೋತುಬಿದ್ದಿರುವುದು ಒಂದು ಸಣ್ಣ ಮಾತಿನ ಮೇಲೆ: ‘ಟ್ರಾಫಿಕ್ ಇನ್ ಸೈಟ್’, ಅಂದರೆ ‘ನೀವು ಹೇಳಿದ ವಿಮಾನ ನನಗೆ ಕಂಡಿದೆ’. ಪೈಲಟ್ ಹಾಗೆಂದ ಕ್ಷಣದಿಂದ ಆ ವಿಮಾನದಿಂದ ದೂರ ಇರುವ ಭಾರ ಪೂರ್ತಿ ಪೈಲಟ್ ಹೆಗಲಿಗೆ ಬೀಳುತ್ತದೆ; ಕಂಟ್ರೋಲರನ ಮನಸ್ಸು ಸಹಜವಾಗಿ ಮುಂದಿನ ತೊಂದರೆಯ ಕಡೆ ತಿರುಗುತ್ತದೆ. ನನ್ನ ಅನುಭವದಲ್ಲಿ ತರಬೇತಿ ನಿಲ್ದಾಣದ ಅತ್ಯಂತ ಅಪಾಯದ ಮಾತು ಇದೇ, ಏಕೆಂದರೆ ಕಾಣದಿದ್ದಾಗಲೂ, ಬೇರೇನೋ ಕಂಡಾಗಲೂ, ಹಿಂದೆ ಕಂಡು ಈಗ ಮರೆಯಾದಾಗಲೂ ಇದನ್ನು ಹೇಳಿಬಿಡುವುದು ಬಹಳ ಸುಲಭ.

ಹೊಸಬರು ಮಾತ್ರ ಹೀಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. 1978ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಇಳಿಯಲು ಬರುತ್ತಿದ್ದ ಪಿಎಸ್ಎ ಸಂಸ್ಥೆಯ ಬೋಯಿಂಗ್ 727 ವಿಮಾನದ ಅನುಭವಿ ಸಿಬ್ಬಂದಿಗೆ, ಮುಂದೆ ಒಂದು ಸಣ್ಣ ಸೆಸ್ನಾ 172 ಇದೆ ಎಂದು ಕಂಟ್ರೋಲರ್ ತಿಳಿಸಿದ್ದರು. ಅದರಲ್ಲಿದ್ದವರು ಉಪಕರಣಗಳ ನೆರವಿನಿಂದ ಇಳಿಯುವ ಅಭ್ಯಾಸದಲ್ಲಿದ್ದ ಇಬ್ಬರು. ಬೋಯಿಂಗ್‌ನವರು ಅದು ಕಂಡಿತೆಂದರು. ಆಮೇಲೆ ಅದು ಅವರ ಕಣ್ಣಿಂದ ತಪ್ಪಿತು; ಹಿಂದಕ್ಕೆ ಹೋಗಿರಬೇಕು ಎಂದು ಕಾಕ್‌ಪಿಟ್‌ನಲ್ಲಿ ತಮ್ಮೊಳಗೇ ಮಾತಾಡಿಕೊಂಡರೇ ಹೊರತು, ಈಗ ಕಾಣುತ್ತಿಲ್ಲ ಎಂದು ಟವರ್‌ಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಸೆಸ್ನಾ ಇದ್ದದ್ದು ಅವರ ಮುಂದೆ, ಸ್ವಲ್ಪ ಕೆಳಗೆ. ಎರಡೂ ವಿಮಾನಗಳಲ್ಲಿದ್ದವರು, ನೆಲದ ಮೇಲಿದ್ದ ಏಳು ಮಂದಿ, ಒಟ್ಟು 144 ಜನ ಸತ್ತರು. ಆಕಾಶ ತಿಳಿಯಾಗಿತ್ತು, ಬೆಳಗಿನ ಹೊತ್ತು.

ತಿಳಿ ಆಕಾಶದಲ್ಲಿ ಅಷ್ಟು ದೊಡ್ಡ ವಸ್ತು ಕಾಣದೆ ಹೋಗುವುದು ಹೇಗೆ ಎಂದು ನೀವು ಕೇಳಬಹುದು. ಎರಡು ಸಣ್ಣ ವಿಮಾನಗಳು ತಲಾ 90 ನಾಟ್ (ಗಂಟೆಗೆ ಸುಮಾರು 167 ಕಿ.ಮೀ.) ವೇಗದಲ್ಲಿ ಎದುರುಬದುರಾಗಿ ಬರುತ್ತಿವೆ ಎಂದಿಟ್ಟುಕೊಳ್ಳೋಣ. ನಡುವಿನ ಅಂತರ ಸೆಕೆಂಡಿಗೆ ಸುಮಾರು 92 ಮೀಟರಿನಂತೆ ಕರಗುತ್ತದೆ. ಕಣ್ಣಿಗೆ ಬಿದ್ದದ್ದು ವಿಮಾನ ಎಂದು ಗುರುತಿಸಿ, ಅದು ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿತು, ಕೈಕಾಲು ಆಡಿಸಿ, ವಿಮಾನ ನಿಜವಾಗಿ ತಿರುಗಲು ಒಟ್ಟು ಸುಮಾರು ಹನ್ನೆರಡೂವರೆ ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ ತನ್ನ ಪೈಲಟ್‌ಗಳಿಗೆ ಹೇಳುವ ಲೆಕ್ಕ. ಅಂದರೆ 1,150 ಮೀಟರ್ ದೂರದಲ್ಲೇ ಕಂಡಿರಬೇಕು. ಅಷ್ಟು ದೂರದಿಂದ 11 ಮೀಟರ್ ರೆಕ್ಕೆಯಗಲದ ಸೆಸ್ನಾ, ಅಗಲದಲ್ಲಿ ಹುಣ್ಣಿಮೆಯ ಚಂದ್ರನಷ್ಟು ಕಾಣುತ್ತದೆ, ಆದರೆ ಚಂದ್ರನಂತೆ ದುಂಡಗಲ್ಲ: ಒಂದು ತೆಳು ಗೆರೆ, ನಡುವೆ ಒಂದು ಚುಕ್ಕೆ. ಅದು ಕೆಳಗಿನ ಊರಿನ ಬಿಳಿ ತಾರಸಿಗಳ ಹಿನ್ನೆಲೆಯಲ್ಲಿದ್ದರೆ ಆ ಗೆರೆಯೂ ಇಲ್ಲ. ಇದಕ್ಕಿಂತ ಕೆಟ್ಟ ಸಂಗತಿಯೆಂದರೆ, ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಕದಲುವುದಿಲ್ಲ. ಪಕ್ಕಕ್ಕೆ ಸರಿಯುತ್ತಿರುವ ವಿಮಾನ ತಾನಾಗಿ ಕಣ್ಣು ಸೆಳೆಯುತ್ತದೆ. ನಿಮಗೆ ತಾಗಲಿರುವುದು ಮಾತ್ರ ಗಾಜಿಗೆ ಅಂಟಿದ ಹುಳುವಿನ ಕಲೆಯಂತೆ ಒಂದೇ ಕಡೆ ಕೂತಿದ್ದು, ಕೊನೆಯ ನಾಲ್ಕೈದು ಸೆಕೆಂಡಿನಲ್ಲಿ ಹಿಗ್ಗುತ್ತದೆ. ಆದ್ದರಿಂದಲೇ ಕ್ಯಾಡೆಟ್‌ಗಳಿಗೆ ಆಕಾಶವನ್ನು ಸುಮ್ಮನೆ ಸವರಿದಂತೆ ನೋಡದೆ, ಹತ್ತು ಹತ್ತು ಡಿಗ್ರಿಯ ತುಂಡುಗಳಾಗಿ ಭಾಗಿಸಿ, ಪ್ರತಿ ತುಂಡಿನಲ್ಲೂ ಕನಿಷ್ಠ ಒಂದು ಸೆಕೆಂಡು ಕಣ್ಣು ನಿಲ್ಲಿಸಿ ನೋಡಲು ಕಲಿಸುತ್ತಾರೆ. ಇಂದಿನ ಕಾಕ್‌ಪಿಟ್‌ಗಳಲ್ಲಿ ಬಣ್ಣಬಣ್ಣದ ಪರದೆಗಳಿರುವುದರಿಂದ ಕಣ್ಣು ಹೊರಗಿಗಿಂತ ಒಳಗೇ ಹೆಚ್ಚು ಇರುತ್ತದೆ ಎಂಬುದು ಇನ್‌ಸ್ಟ್ರಕ್ಟರ್‌ಗಳ ಸಾಮಾನ್ಯ ದೂರು, ನ್ಯಾಯವಾದದ್ದೂ ಹೌದು.

ವಿಮಾನದ ಮೈಯೂ ನೋಟಕ್ಕೆ ಅಡ್ಡ ಬರುತ್ತದೆ. ಸೆಸ್ನಾದಂಥವುಗಳ ರೆಕ್ಕೆ ತಲೆಯ ಮೇಲಿರುತ್ತದೆ, ಮೇಲಿರುವುದು ಕಾಣುವುದಿಲ್ಲ. ಡೈಮಂಡ್‌ನಂಥವುಗಳ ರೆಕ್ಕೆ ಕೆಳಗಿರುತ್ತದೆ, ಕೆಳಗಿರುವುದು ಕಾಣುವುದಿಲ್ಲ. ಫೈನಲ್‌ನಲ್ಲಿ ಕೆಳರೆಕ್ಕೆಯದು ಮೇಲೆ, ಮೇಲ್ರೆಕ್ಕೆಯದು ಕೆಳಗೆ ಬಂದರೆ ಇಬ್ಬರೂ ಒಬ್ಬರಿಗೊಬ್ಬರು ಕುರುಡರು.

ಇನ್ನು ನನ್ನದೇ ಒಂದು ಮಧ್ಯಾಹ್ನ. ಊರು ಬೇಡ, ಅಕ್ಷರಗಳನ್ನೂ ಬದಲಿಸಿದ್ದೇನೆ. ಸರ್ಕ್ಯೂಟ್‌ನಲ್ಲಿ ನಾಲ್ಕು ಸೆಸ್ನಾಗಳಿದ್ದವು. ಎರಡರ ಗುರುತಿನ ಕೊನೆಯ ಅಕ್ಷರಗಳು ಹಿಂದುಮುಂದು: ಒಂದು ‘ಡೆಲ್ಟಾ ಬ್ರಾವೊ’, ಇನ್ನೊಂದು ‘ಬ್ರಾವೊ ಡೆಲ್ಟಾ’ (ರೇಡಿಯೊದಲ್ಲಿ ಡಿ ಅಕ್ಷರಕ್ಕೆ ಡೆಲ್ಟಾ, ಬಿಗೆ ಬ್ರಾವೊ ಎನ್ನುತ್ತಾರೆ). ಒಂದು ವಿಮಾನ ದೂರದ ಫೈನಲ್‌ನಲ್ಲಿ ನಿಧಾನವಾಗಿ ಬರುತ್ತಿತ್ತು. ಡೌನ್‌ವಿಂಡ್‌ನಲ್ಲಿ ಮುಂದಿದ್ದ ಡೆಲ್ಟಾ ಬ್ರಾವೊಗೆ ನಾನು, ನಿಮ್ಮದು ಎರಡನೆಯ ಸರದಿ, ಫೈನಲ್‌ನಲ್ಲಿರುವ ಸೆಸ್ನಾ ಕಂಡರೆ ತಿಳಿಸಿ, ಅದರ ಹಿಂದೆ ಬನ್ನಿ ಎಂದೆ. ‘ನಂಬರ್ ಟು, ಟ್ರಾಫಿಕ್ ಇನ್ ಸೈಟ್, ಬ್ರಾವೊ ಡೆಲ್ಟಾ’ ಎಂದು ಉತ್ತರ ಬಂತು. ನಾನು ಕೇಳಿಸಿಕೊಂಡದ್ದು ನಾನು ನಿರೀಕ್ಷಿಸಿದ್ದನ್ನು. ಡೆಲ್ಟಾ ಬ್ರಾವೊದ ಪಟ್ಟಿಗೆ ಗುರುತು ಹಾಕಿದೆ. ಉತ್ತರಿಸಿದವನು ಹಿಂದೆ ಇದ್ದವನು. ಮುಂದಿದ್ದ ಹುಡುಗ, ಆ ಮಾತು ತನಗಲ್ಲವೆಂದುಕೊಂಡು, ದಿನವೂ ತಿರುಗುವ ಜಾಗದಲ್ಲೇ ಬೇಸ್‌ಗೆ ತಿರುಗಿದ. ನಾನು ತಲೆಯೆತ್ತಿದಾಗ ಫೈನಲ್‌ನ ವಿಮಾನದ ಮುಂದಕ್ಕೆ, ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಇನ್ನೊಂದು ಬಿಳಿ ರೆಕ್ಕೆ ವಾಲಿಕೊಂಡು ಬರುತ್ತಿತ್ತು. ಅವನಿಗೆ ಪೂರ್ತಿ ಹೆಸರು ಹಿಡಿದು ಮೇಲೇರಲು ಹೇಳಿದೆ, ಏರಿದ. ಆಮೇಲೆ ಬ್ರಾವೊ ಡೆಲ್ಟಾದ ಕ್ಯಾಡೆಟ್‌ನನ್ನು ಕೂರಿಸಿಕೊಂಡು, ನೀನು ಕಂಡದ್ದು ಯಾವುದಪ್ಪಾ ಎಂದು ಕೇಳಿದೆ. ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ಒಂದು ಸೆಸ್ನಾ ಕಂಡಿತ್ತು, ಆದರೆ ಅದು ಆಗಷ್ಟೇ ನೆಲ ಮುಟ್ಟಿ ಏರುತ್ತಿದ್ದ ನಾಲ್ಕನೆಯದು.

ಆ ಮಧ್ಯಾಹ್ನದ ತಪ್ಪಿನಲ್ಲಿ ಮೊದಲ ಪಾಲು ನನ್ನದೇ. ಒಂದೇ ಥರದ ಹೆಸರುಗಳಿವೆ ಎಂದು ಇಬ್ಬರಿಗೂ ಮೊದಲೇ ಎಚ್ಚರಿಸಬಹುದಿತ್ತು. ಅಂಥ ಸಂದರ್ಭದಲ್ಲಿ ತಾತ್ಕಾಲಿಕವಾಗಿ ಒಂದರ ಕರೆಹೆಸರನ್ನೇ ಬದಲಿಸಲು ಕಂಟ್ರೋಲರನಿಗೆ ಅವಕಾಶವಿದೆ. ಪೈಲಟ್ ಮರುನುಡಿದದ್ದನ್ನು ಕಿವಿಗೊಟ್ಟು ಕೇಳಿ ತಾಳೆ ನೋಡುವುದು ಸೂಚನೆ ಕೊಡುವಷ್ಟೇ ಮುಖ್ಯ ಎಂದು ನಾನೇ ಕಿರಿಯರಿಗೆ ಹೇಳುತ್ತಿದ್ದೆ. ಅಂದಿನಿಂದ ‘ಕಂಡಿದೆ’ ಎಂದವರಿಗೆ ‘ಎಲ್ಲಿ?’ ಎಂದು ಮತ್ತೊಂದು ಪ್ರಶ್ನೆ ಹಾಕುವ ಅಭ್ಯಾಸ ಬಂತು. ರೇಡಿಯೊದಲ್ಲಿ ಮೂರು ಸೆಕೆಂಡು ಹೆಚ್ಚು ಖರ್ಚಾಗುತ್ತದೆ ಎಂದು ಕೆಲವರು ಗೊಣಗಿದ್ದುಂಟು.

ಗೊಣಗಾಟಕ್ಕೂ ಕಾರಣವಿದೆ. ನಿಮ್ಮ ಘಟಕದಲ್ಲಿ ಗೂಡಿನ ಎಳೆ ತುಂಡಾದರೆ ಕೂತವರಿಗೆ ಕೂಡಲೇ ಗೊತ್ತಾಗುತ್ತದೆ. ರೇಡಿಯೊದಲ್ಲಿ ಮಾತು ತುಂಡಾದರೆ ಗೊತ್ತಾಗುವುದಿಲ್ಲ. ಎಲ್ಲ ವಿಮಾನಗಳೂ ಟವರ್ ಕೂಡ ಒಂದೇ ತರಂಗಾಂತರದಲ್ಲಿ ಮಾತಾಡುತ್ತವೆ, ಒಮ್ಮೆಗೆ ಒಬ್ಬರು ಮಾತ್ರ. ಇಬ್ಬರು ಏಕಕಾಲಕ್ಕೆ ಗುಂಡಿ ಒತ್ತಿದರೆ ಉಳಿದವರಿಗೆ ಕೇಳುವುದು ಒಂದು ಕಿರ್ರೆನ್ನುವ ಸದ್ದು, ಮಾತಾಡಿದ ಇಬ್ಬರಿಗೂ ತಮ್ಮ ಮಾತು ಹೋಗಲಿಲ್ಲವೆಂಬ ಅರಿವೇ ಇರುವುದಿಲ್ಲ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಮಂಜಿನ ನಡುವೆ ಎರಡು ಜಂಬೊ ವಿಮಾನಗಳು ರನ್‌ವೇ ಮೇಲೆ ಢಿಕ್ಕಿ ಹೊಡೆದು 583 ಮಂದಿ ಸತ್ತ ದುರಂತದಲ್ಲಿ, ಒಂದು ನಿರ್ಣಾಯಕ ಕ್ಷಣದ ಮಾತುಗಳು ಹೀಗೆಯೇ ಒಂದರ ಮೇಲೊಂದು ಬಿದ್ದು ಕಿರ್ರೆಂಬ ಸದ್ದಿನಲ್ಲಿ ಮುಚ್ಚಿಹೋದವು. ಅದರ ನಂತರ ‘ಟೇಕ್ ಆಫ್’ ಎಂಬ ಮಾತನ್ನು ನಿಜವಾದ ಅನುಮತಿ ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕು, ಉಳಿದಂತೆ ‘ಡಿಪಾರ್ಚರ್’ ಎನ್ನಬೇಕು ಎಂಬ ಕಟ್ಟುಪಾಡು ಬಂತು. ನಿಮ್ಮ ಮಗಳು ರೇಡಿಯೊ ಪರವಾನಗಿಗೆಂದು ಆರ್‌ಟಿಆರ್ ಪರೀಕ್ಷೆ ಬರೆಯುವಾಗ ಇವನ್ನೆಲ್ಲ ಓದುತ್ತಾಳೆ. ಆದರೆ ಪರೀಕ್ಷೆ ನೋಡುವುದು ಅವಳು ಹೇಗೆ ಮಾತಾಡುತ್ತಾಳೆ ಎಂಬುದನ್ನು. ಸರ್ಕ್ಯೂಟ್‌ನಲ್ಲಿ ಉಪಯೋಗಕ್ಕೆ ಬರುವುದು ತನಗೆ ಸಂಬಂಧವಿಲ್ಲದ ಮಾತುಗಳನ್ನು ಕೇಳಿ, ಯಾರು ಎಲ್ಲಿದ್ದಾರೆಂಬ ಚಿತ್ರವನ್ನು ತಲೆಯಲ್ಲಿ ಬಿಡಿಸಿಕೊಳ್ಳುವ ಸಾಮರ್ಥ್ಯ.

ಫೈನಲ್‌ಗೆ ತಿರುಗುವ ಕೊನೆಯ ತಿರುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಪ್ರಸ್ಥಭೂಮಿಗೂ ಅದಕ್ಕೂ ನಂಟಿದೆ. ಡೆನ್ವರ್ ನಗರದ ಬಳಿಯ ಸೆಂಟೆನಿಯಲ್ ನಿಲ್ದಾಣದಲ್ಲಿ ಎರಡು ಸಮಾನಾಂತರ ರನ್‌ವೇಗಳಿವೆ. 2021ರ ಮೇ 12ರಂದು ಬಲಗಡೆಯ ರನ್‌ವೇಗೆ ಇಳಿಯಬೇಕಿದ್ದ ಸಿರಸ್ ಎಂಬ ಸಣ್ಣ ವಿಮಾನ ವೇಗ ಹೆಚ್ಚಿದ್ದರಿಂದ ತಿರುವಿನಲ್ಲಿ ತನ್ನ ಗೆರೆಯನ್ನು ದಾಟಿ, ಎಡಗಡೆಯ ರನ್‌ವೇಗೆ ನೇರವಾಗಿ ಬರುತ್ತಿದ್ದ ಮೆಟ್ರೋಲೈನರ್ ಸರಕು ವಿಮಾನಕ್ಕೆ ಬಡಿಯಿತು. ಎರಡು ರನ್‌ವೇಗಳನ್ನು ಇಬ್ಬರು ಕಂಟ್ರೋಲರ್‌ಗಳು ಬೇರೆ ಬೇರೆ ತರಂಗಾಂತರದಲ್ಲಿ ನಡೆಸುತ್ತಿದ್ದುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಂತಿರಲಿಲ್ಲ. ಮೆಟ್ರೋಲೈನರ್ ಪೈಲಟ್‌ಗೆ ಪಕ್ಕದ ಸಿರಸ್ ಬಗ್ಗೆ ಯಾರೂ ಹೇಳಿರಲಿಲ್ಲ. ಸಿರಸ್ ವಿಮಾನಕ್ಕೇ ಕಟ್ಟಿರುವ ಪ್ಯಾರಾಚೂಟ್ ಬಿಚ್ಚಿಕೊಂಡು ಅದರಲ್ಲಿದ್ದ ಇಬ್ಬರೂ ಬದುಕಿದರು. ಮೆಟ್ರೋಲೈನರ್‌ನ ಬೆನ್ನು ಬಾಯ್ದೆರೆದುಹೋಗಿದ್ದರೂ ಅದರ ಪೈಲಟ್, ಬಲಗಡೆಯ ಇಂಜಿನ್ ಕೈಕೊಟ್ಟಿರಬೇಕೆಂದುಕೊಂಡು ಸಲೀಸಾಗಿ ಇಳಿಸಿದರು. ಒಬ್ಬರಿಗೂ ಗಾಯವಾಗಲಿಲ್ಲ ಎಂಬುದು ಅದೃಷ್ಟ, ಅಷ್ಟೇ.

ಸೆಂಟೆನಿಯಲ್‌ನ ನೆಲ ಸುಮಾರು 5,900 ಅಡಿ ಎತ್ತರದಲ್ಲಿದೆ. ನಮ್ಮಲ್ಲಿ ಅಷ್ಟಿಲ್ಲವಲ್ಲ ಎನ್ನಬೇಡಿ. ಮೂರು ಸಾವಿರ ಅಡಿಯ ನೆಲದಲ್ಲಿ ಪ್ರಮಾಣಿತ ಉಷ್ಣತೆ 9 ಡಿಗ್ರಿ ಎಂದು ವಿಮಾನಯಾನದ ಲೆಕ್ಕ; ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಆದಾಗ ಅಲ್ಲಿನ ಗಾಳಿ ಸುಮಾರು 6,000 ಅಡಿ ಎತ್ತರದ ಗಾಳಿಯಷ್ಟೇ ತೆಳುವಾಗುತ್ತದೆ. ಆಗ ವೇಗಮಾಪಕದಲ್ಲಿ 70 ನಾಟ್ ಕಂಡರೂ ವಿಮಾನ ನಿಜವಾಗಿ ಹೋಗುತ್ತಿರುವುದು 76ಕ್ಕೂ ಮೇಲೆ, ಅದೇ ವಾಲಿಕೆಯಲ್ಲಿ ತಿರುವಿನ ಅಗಲ ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ ಶೇ 20ರಷ್ಟು ಹೆಚ್ಚು. ಕರಾವಳಿಯಲ್ಲಿ ಕಲಿತ ಕೈ ಇಲ್ಲಿ ತಿರುವನ್ನು ಮೀರಿಸುತ್ತದೆ, ಚಳಿಗಾಲದ ಬೆಳಗ್ಗೆ ಕಲಿತ ಕೈ ಬೇಸಿಗೆಯ ಮಧ್ಯಾಹ್ನ ಮೀರಿಸುತ್ತದೆ. ಏರುವಾಗಲೂ ಇದೇ ತೆಳು ಗಾಳಿಯಿಂದ ಇಂಜಿನ್ ಏದುಸಿರು ಬಿಡುತ್ತದೆ. ಮುಂದಿನವನು ನಿರೀಕ್ಷಿಸಿದಷ್ಟು ಬೇಗ ಮೇಲೇರದಿದ್ದರೆ ಹಿಂದಿನವನು ಅವನನ್ನು ಹಿಡಿದುಬಿಡುತ್ತಾನೆ.

ಗಾಳಿಯ ದಿಕ್ಕು ಬದಲಾಗುವ ಹೊತ್ತು ಇನ್ನೊಂದು ಇಕ್ಕಟ್ಟು. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುವುದರಿಂದ ಪೂರ್ವ ಪಶ್ಚಿಮವಾಗಿರುವ ರನ್‌ವೇಗಳಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಇಳಿಯುತ್ತಾರೆ, ಚಳಿಗಾಲದಲ್ಲಿ ಮೂಡಣ ಗಾಳಿಗೆ ಪೂರ್ವಕ್ಕೆ ಮುಖ ಮಾಡಿ. ಋತು ಬದಲಾಗುವ ದಿನಗಳಲ್ಲಿ ಇದು ಒಂದೇ ದಿನ ಎರಡು ಸಲ ಹೊರಳಬಹುದು. ರನ್‌ವೇ ದಿಕ್ಕು ಬದಲಾದೊಡನೆ ಇಡೀ ಸುತ್ತು ತಲೆಕೆಳಗಾಗುತ್ತದೆ. ಹಳೆಯ ಸುತ್ತಿನಲ್ಲೇ ಉಳಿದ ಒಬ್ಬ ಕ್ಯಾಡೆಟ್, ಹೊಸ ಸುತ್ತಿನವರಿಗೆ ಎದುರಾಗಿ ಬರುತ್ತಾನೆ. ನಾನು ಮಾಡುತ್ತಿದ್ದುದು ಇಷ್ಟೇ: ಒಬ್ಬಂಟಿಯಾಗಿ ಹಾರುತ್ತಿರುವವರನ್ನೆಲ್ಲ ಮೊದಲು ಇಳಿಸಿ, ಆಮೇಲೆ ದಿಕ್ಕು ಬದಲಿಸುವುದು. ಸಂಜೆ ಪಶ್ಚಿಮಕ್ಕೆ ಇಳಿಯುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ರಯಾಣಿಕ ವಿಮಾನಗಳೂ ಬರುವ ನಿಲ್ದಾಣದಲ್ಲಿ ತರಬೇತಿ ನಡೆಯುವುದು ಈಗ ಸಾಮಾನ್ಯವಾಗಿದೆ. ನಮ್ಮಲ್ಲೇ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ಶಾಲೆಗಳಿಗೆ ಜಾಗ ಕೊಡುವ ತೀರ್ಮಾನ 2021ರಲ್ಲಿ ಆಯಿತು. ಅಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ವೇಗ: ಸೆಸ್ನಾ 65 ನಾಟ್‌ನಲ್ಲಿ ಇಳಿಯಲು ಬರುವಾಗ ಹಿಂದಿನಿಂದ ಬರುವ ಎಟಿಆರ್ ಪ್ರಯಾಣಿಕ ವಿಮಾನದ ವೇಗ ಅದಕ್ಕಿಂತ ಬಹಳ ಹೆಚ್ಚು. ಎರಡನೆಯದು, ದೊಡ್ಡ ವಿಮಾನ ತನ್ನ ರೆಕ್ಕೆಯ ತುದಿಗಳಿಂದ ಹಿಂದೆ ಬಿಟ್ಟುಹೋಗುವ ಕಣ್ಣಿಗೆ ಕಾಣದ ಸುಳಿಗಾಳಿ. ಏಳು ಸಾವಿರ ಕಿಲೋಗಿಂತ ಕಡಿಮೆ ತೂಕದ ಹಗುರ ವಿಮಾನ, ಎಟಿಆರ್‌ನಂಥ ಮಧ್ಯಮ ತೂಕದ್ದರ ಹಿಂದೆ ಇಳಿಯುವಾಗ ಮೂರು ನಿಮಿಷ, ಏರುವಾಗ ಎರಡು ನಿಮಿಷ ಬಿಡಬೇಕೆಂಬ ನಿಯಮ ಇರುವುದು ಅದಕ್ಕೇ. 72 ಸೆಕೆಂಡಿನ ಲಯದಲ್ಲಿ ತಿರುಗುತ್ತಿರುವ ಸುತ್ತಿನೊಳಗೆ ಮೂರು ನಿಮಿಷದ ಕಿಂಡಿ ತೆರೆಯಬೇಕೆಂದರೆ ಒಬ್ಬರು ಡೌನ್‌ವಿಂಡ್ ಉದ್ದ ಮಾಡಬೇಕು, ಇನ್ನೊಬ್ಬರು ಜಾಗದಲ್ಲೇ ಒಂದು ಸುತ್ತು ಹಾಕಬೇಕು. ಅಭ್ಯಾಸದ ಚೌಕಟ್ಟು ಕದಡುವುದು ಆಗಲೇ. ನೈರೋಬಿಯ ವಿಲ್ಸನ್ ನಿಲ್ದಾಣ ಹೀಗೆ ಪ್ರಯಾಣಿಕ ವಿಮಾನಗಳೂ ತರಬೇತಿ ವಿಮಾನಗಳೂ ಕಿಕ್ಕಿರಿದ ಜಾಗ. 2024ರ ಮಾರ್ಚ್ 5ರಂದು ಅಲ್ಲಿಂದ 44 ಜನರನ್ನು ಹೊತ್ತು ಏರಿದ ಡ್ಯಾಶ್ 8 ವಿಮಾನಕ್ಕೂ ತರಬೇತಿಯ ಸೆಸ್ನಾ 172ಕ್ಕೂ ಡಿಕ್ಕಿಯಾಯಿತು. ದೊಡ್ಡದು ಹಿಂದಿರುಗಿ ಸುರಕ್ಷಿತವಾಗಿ ಇಳಿಯಿತು. ಸೆಸ್ನಾದಲ್ಲಿದ್ದ ಇಬ್ಬರೂ ಉಳಿಯಲಿಲ್ಲ.

1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾದ ನಂತರ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ನಮ್ಮ ದೇಶದಲ್ಲಿ ಕಡ್ಡಾಯವಾದ ಡಿಕ್ಕಿ ತಪ್ಪಿಸುವ ಉಪಕರಣ ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ವಿಮಾನಗಳು ತಾವಿರುವ ಜಾಗವನ್ನು ತಾವೇ ರೇಡಿಯೊದಲ್ಲಿ ಸಾರುವ ವ್ಯವಸ್ಥೆಗೆ ಎಡಿಎಸ್-ಬಿ ಎಂದು ಹೆಸರು; ಅದನ್ನು ಹಿಡಿದು ಸುತ್ತಲಿನ ವಿಮಾನಗಳನ್ನು ಪರದೆಯಲ್ಲಿ ತೋರಿಸುವ ರಿಸೀವರ್ ಕೆಲವು ಶಾಲೆಗಳ ಹೊಸ ವಿಮಾನಗಳಲ್ಲಿದೆ. ಹದ್ದುಗಳ ಕಾಟ ಬೇರೆ. ನಿಲ್ದಾಣದಿಂದ 10 ಕಿ.ಮೀ. ಒಳಗೆ ಬಯಲಿನಲ್ಲಿ ಪ್ರಾಣಿವಧೆ, ಮಾಂಸದಂಗಡಿಯ ಕಸ ಸುರಿಯುವುದು ನಿಷಿದ್ಧವೆಂಬ ನಿಯಮ ಇದ್ದೂ ಇಲ್ಲದಂತಿದೆ. ಮದುವೆ ಚಿತ್ರೀಕರಣದ ಡ್ರೋನ್‌ಗಳು ಹೊಸ ಸೇರ್ಪಡೆ.

ಶಾಲೆಯಲ್ಲಿ ಏನು ವಿಚಾರಿಸಬೇಕು ಎಂಬುದಕ್ಕೆ ಬರೋಣ. ಕಟ್ಟಡ, ಹಾಸ್ಟೆಲ್, ವಿಮಾನದ ಬಣ್ಣ ನೋಡಿ ಮರುಳಾಗಬೇಡಿ. ಸರ್ಕ್ಯೂಟ್‌ನಲ್ಲಿ ಒಮ್ಮೆಗೆ ಎಷ್ಟು ವಿಮಾನ ಎಂಬ ಮಿತಿ ಬರವಣಿಗೆಯಲ್ಲಿದೆಯೇ, ಅದರಲ್ಲಿ ಒಬ್ಬಂಟಿ ಕ್ಯಾಡೆಟ್‌ಗಳು ಎಷ್ಟಿರಬಹುದು ಎಂದು ಕೇಳಿ. ಕಮರ್ಷಿಯಲ್ ಪರವಾನಗಿಗೆ 200 ಗಂಟೆಯ ಹಾರಾಟ ಬೇಕು. ಮಳೆಗಾಲದಲ್ಲಿ ಹಿಂದೆ ಬಿದ್ದ ಗಂಟೆಗಳನ್ನು ತುಂಬಿಸಲು ನವೆಂಬರ್‌ನಿಂದ ಎಲ್ಲರನ್ನೂ ಒಟ್ಟಿಗೆ ಆಕಾಶಕ್ಕೆ ಬಿಡುವ ಶಾಲೆಯಲ್ಲಿ ಆ ಮಿತಿ ಗೋಡೆಯ ಮೇಲೆ ಮಾತ್ರ ಉಳಿಯುತ್ತದೆ. ಸರ್ಕ್ಯೂಟ್‌ನ ಹೊರಗೆ ಅಭ್ಯಾಸಕ್ಕೆ ಹೋಗುವಾಗ ಪ್ರತಿ ವಿಮಾನಕ್ಕೂ ಬೇರೆ ಪ್ರದೇಶ, ಬೇರೆ ಎತ್ತರ ಹಂಚುತ್ತಾರೆಯೇ ಎಂದು ನಕ್ಷೆ ತೋರಿಸಲು ಹೇಳಿ. ರನ್‌ವೇ ದಿಕ್ಕು ಬದಲಾದಾಗ ಒಬ್ಬಂಟಿಗಳನ್ನು ಏನು ಮಾಡುತ್ತಾರೆ ಎಂದು ಇನ್‌ಸ್ಟ್ರಕ್ಟರ್‌ರನ್ನು ಕೇಳಿ. ತಡವರಿಸದೆ ಉತ್ತರ ಬಂದರೆ ಒಳ್ಳೆಯದು. ಒಬ್ಬ ಇನ್‌ಸ್ಟ್ರಕ್ಟರ್ ದಿನಕ್ಕೆ ಎಷ್ಟು ಗಂಟೆ ಹಾರುತ್ತಾರೆ ಎಂಬುದನ್ನೂ ಕೇಳಿ, ದಣಿದವರ ಪಕ್ಕದಲ್ಲಿ ಕೂತು ನೋಡುವುದನ್ನು ಕಲಿಯಲಾಗುವುದಿಲ್ಲ.

ಆದರೆ ನನಗೆ ಒಂದೇ ಪ್ರಶ್ನೆ ಕೇಳಲು ಬಿಟ್ಟರೆ ಶಾಲೆಯವರನ್ನು ಬಿಟ್ಟು, ಅಲ್ಲಿ ಎರಡನೆಯ ವರ್ಷದಲ್ಲಿರುವ ಕ್ಯಾಡೆಟ್‌ಗಳನ್ನು ಕ್ಯಾಂಟೀನಿನಲ್ಲಿ ಕೇಳುತ್ತೇನೆ: ‘ಟ್ರಾಫಿಕ್ ಕಾಣುತ್ತಿಲ್ಲ ಎಂದು ರೇಡಿಯೊದಲ್ಲಿ ಹೇಳಿದರೆ ಇಳಿದ ಮೇಲೆ ನಿಮಗೆ ಏನಾಗುತ್ತದೆ?’ ಏನೂ ಆಗುವುದಿಲ್ಲ ಎಂದರೆ ನಿಶ್ಚಿಂತೆಯಿಂದ ಸೇರಿಸಬಹುದು. ಇನ್‌ಸ್ಟ್ರಕ್ಟರ್ ಬೈಯುತ್ತಾರೆ, ಉಳಿದವರು ನಗುತ್ತಾರೆ, ಮುಂದಿನ ಒಬ್ಬಂಟಿ ಹಾರಾಟ ತಡವಾಗುತ್ತದೆ ಎಂದರೆ, ಆ ನಿಲ್ದಾಣದಲ್ಲಿ ಕಾಣದಿದ್ದರೂ ಕಂಡಿದೆ ಎನ್ನುವ ಮಕ್ಕಳು ಹಾರುತ್ತಿದ್ದಾರೆ ಎಂದು ತಿಳಿಯಿರಿ. ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನು ಬರೆದುಕೊಡುವ ಪುಸ್ತಕ ಇದೆಯೇ, ಕಳೆದ ತಿಂಗಳು ಅದರಲ್ಲಿ ಎಷ್ಟು ಬರೆದಿದ್ದಾರೆ ಎಂದೂ ಕೇಳಬಹುದು. ಖಾಲಿ ಪುಸ್ತಕ ತೋರಿಸಿ, ನಮ್ಮಲ್ಲಿ ಅಂಥದ್ದೇನೂ ಆಗುವುದಿಲ್ಲ ಎಂದವರನ್ನು ನಾನು ನಂಬುವುದಿಲ್ಲ.

ಮೊಬೈಲ್ ವಿಚಾರ ಉಳಿಯಿತು. ವಿಮಾನದಲ್ಲಿ ಎಡಿಎಸ್-ಬಿ ಕಳಿಸುವ ಉಪಕರಣ ಇದ್ದು, ಹತ್ತಿರದಲ್ಲಿ ಅದನ್ನು ಹಿಡಿಯುವ ರಿಸೀವರ್ ಇದ್ದರೆ, ಶಿಡ್ಲಘಟ್ಟದಲ್ಲಿ ಕೂತು ಅವಳ ಸುತ್ತುಗಳನ್ನು ನೀವು ಎಣಿಸಬಹುದು. ರಿಸೀವರ್‌ಗೂ ವಿಮಾನಕ್ಕೂ ನಡುವೆ ನೇರ ನೋಟ ಬೇಕಾದ್ದರಿಂದ, ಕೆಲವು ನೂರು ಅಡಿಗಿಂತ ಕೆಳಗಿಳಿದಾಗ ಗುಡ್ಡವೋ ಕಟ್ಟಡವೋ ಅಡ್ಡವಾಗಿ ವಿಮಾನ ಪರದೆಯಿಂದ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಮೊದಲ ಸಲ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಎರಡು ಮೂರು ನಿಮಿಷ ಕಾಯಿರಿ. ಮತ್ತೆ ಕಾಣಿಸಿಕೊಂಡರೆ ಇನ್ನೊಂದು ಸುತ್ತಿಗೆ ಏರಿದ್ದಾಳೆ, ಕಾಣಿಸದಿದ್ದರೆ ಅಂದಿನ ಪಾಠ ಮುಗಿಸಿ ಇಳಿದಿದ್ದಾಳೆ ಎಂದೇ ಬಹುಪಾಲು ಅರ್ಥ. ಅವಳು ವಿಮಾನವನ್ನು ನಿಲ್ಲಿಸಿ, ಕಟ್ಟಿ, ಪುಸ್ತಕದಲ್ಲಿ ಸಮಯ ಬರೆದು ಫೋನ್ ತೆರೆಯಲು ಅರ್ಧ ಗಂಟೆಯಾದರೂ ಬೇಕು.